ಹಾಡು ಎಣಿಸುವವರ ಜೊತೆ ಒಂದು ಜಗಳ

ಬೀಟಲ್ಸ್ ಕೇಳುವ ನಾಲ್ಕು ಜನ ಒಂದು ಕಡೆ ಸೇರಿದರೆ ಅರ್ಧ ಗಂಟೆಯೊಳಗೆ ಆ ಪ್ರಶ್ನೆ ಬಂದೇ ಬರುತ್ತದೆ: ಅವರ ಆಲ್ಬಂಗಳಲ್ಲಿ ಅತ್ಯುತ್ತಮ ಯಾವುದು? ನಮ್ಮ ಹಾಸ್ಟೆಲ್ಲಿನಲ್ಲಿ ಈ ಪ್ರಶ್ನೆಗೆ ಈಗ ಚರ್ಚೆಯೇ ಉಳಿದಿಲ್ಲ. ಯಾರೋ ಒಬ್ಬರು ‘ರಿವಾಲ್ವರ್’ ಎನ್ನುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಆಮೇಲೆ, ಊಟದ ಕೊನೆಗೆ ಮಜ್ಜಿಗೆ ಬಂದ ಹಾಗೆ, ‘ಸಾರ್ಜೆಂಟ್ ಪೆಪ್ಪರ್ ಓವರ್‌ರೇಟೆಡ್ ಬಿಡಪ್ಪಾ’ ಎಂಬ ಮಾತೂ ಬರುತ್ತದೆ. ಹಾಗೆಂದವರ ಮುಖದಲ್ಲಿ ಒಂದು ತೃಪ್ತಿ ಇರುತ್ತದೆ. ಅಪ್ಪಂದಿರ ಕಾಲದ ದೇವರನ್ನು ಗುಡಿಯಿಂದ ಹೊರಗಿಟ್ಟ ತೃಪ್ತಿ.

ನನ್ನ ಜಗಳ ಈ ತೃಪ್ತಿಯ ಜೊತೆ. ನಾನು ಪೆಪ್ಪರ್ ಪಕ್ಷ. ಯಾಕೆ ಎಂದು ಹೇಳುವ ಮೊದಲು ಇಬ್ಬರನ್ನು ದಾರಿಯಿಂದ ಸರಿಸಬೇಕು.

ಮೊದಲನೆಯವರು ‘ಅವರವರ ರುಚಿ ಅವರವರಿಗೆ’ ಎನ್ನುವವರು. ಇವರು ಜಗಳ ಬಿಡಿಸಲು ಬಂದವರಂತೆ ಕಾಣುತ್ತಾರೆ, ನಿಜಕ್ಕೂ ಮಾಡುವುದು ಮಾತು ನಿಲ್ಲಿಸುವ ಕೆಲಸ. ರುಚಿ ಅವರವರದೇ ಇರಬಹುದು, ಆದರೆ ಕಾರಣ ಕೊಟ್ಟ ಕೂಡಲೇ ಅದು ಎಲ್ಲರದ್ದಾಗುತ್ತದೆ. ನೀವು ಕೊಟ್ಟ ಕಾರಣವನ್ನು ನಾನು ನನ್ನ ಕಿವಿಯಲ್ಲಿ ಪರೀಕ್ಷಿಸಬಹುದು, ಒಪ್ಪಬಹುದು, ಒಡೆಯಬಹುದು. ಸಾಹಿತ್ಯದ ವಿದ್ಯಾರ್ಥಿಗಳು ಇಷ್ಟನ್ನೂ ನಂಬದಿದ್ದರೆ ವಿಮರ್ಶೆಯ ತರಗತಿಗೆ ಹೋಗುವುದಾದರೂ ಯಾಕೆ?

ಎರಡನೆಯವರು ಪಟ್ಟಿ ಹಿಡಿದು ಬರುವವರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2003ರಲ್ಲಿ 500 ಶ್ರೇಷ್ಠ ಆಲ್ಬಂಗಳ ಪಟ್ಟಿ ಮಾಡಿದಾಗ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಮೊದಲ ಸ್ಥಾನದಲ್ಲಿತ್ತು, ‘ರಿವಾಲ್ವರ್’ ಮೂರನೆಯದರಲ್ಲಿ. 2012ರ ಪರಿಷ್ಕೃತ ಪಟ್ಟಿಯಲ್ಲೂ ಹಾಗೇ. 2020ರಲ್ಲಿ ಹೊಸ ಮತದಾರರನ್ನು ಸೇರಿಸಿ ಮತ್ತೆ ಪಟ್ಟಿ ಮಾಡಿದರು. ಪೆಪ್ಪರ್ 24ಕ್ಕೆ ಇಳಿಯಿತು. ಇದನ್ನು ತೋರಿಸಿ ‘ನೋಡಿ, ಕಾಲವೇ ತೀರ್ಪು ಕೊಟ್ಟಿದೆ’ ಎನ್ನುವವರು ಅದೇ ಪಟ್ಟಿಯ ಇನ್ನೊಂದು ಸಾಲನ್ನು ಓದುವುದಿಲ್ಲ. ರಿವಾಲ್ವರ್ ಕೂಡ 11ಕ್ಕೆ ಇಳಿದಿತ್ತು. ಬೀಟಲ್ಸ್‌ನ ಆಲ್ಬಂಗಳಲ್ಲಿ ಎಲ್ಲಕ್ಕಿಂತ ಮೇಲೆ, 5ನೆಯ ಸ್ಥಾನದಲ್ಲಿ ಇದ್ದದ್ದು ‘ಆ್ಯಬಿ ರೋಡ್’. ಪಟ್ಟಿಯನ್ನೇ ನಂಬುವುದಾದರೆ ರಿವಾಲ್ವರ್ ಪಕ್ಷದವರೂ ಗಂಟುಮೂಟೆ ಕಟ್ಟಬೇಕು. ಹಾಡುಗಳು ಅವೇ ಇವೆ, ಒಂದು ಸ್ವರವೂ ಬದಲಾಗಿಲ್ಲ. ಎಂಟು ವರ್ಷದಲ್ಲಿ ಬದಲಾದದ್ದು ಮತ ಹಾಕಿದವರು.

ಹಾಡುಗಳು ಅವೇ ಇವೆ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನನ್ನ ಸಂಶೋಧನೆ ಗ್ರಂಥಸಂಪಾದನೆಯದು. ಒಂದೇ ಕಾವ್ಯದ ಮೂರು ನಾಲ್ಕು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡು ಯಾವ ಪಾಠ ಮೂಲಕ್ಕೆ ಹತ್ತಿರ ಎಂದು ಹುಡುಕುವ, ಕಣ್ಣು ಕೆಡಿಸುವ ಕೆಲಸ. ಕಾವ್ಯ ಚೆನ್ನಾಗಿದೆಯೋ ಇಲ್ಲವೋ ಎನ್ನುವ ಮೊದಲು ಯಾವ ಪ್ರತಿ ಓದಿದೆ ಹೇಳು ಎಂಬುದು ಈ ಕೆಲಸದಲ್ಲಿ ಎಲ್ಲರೂ ಮೊದಲು ಕಲಿಯುವ ಮಾತು. ಆಲ್ಬಂ ಜಗಳದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

1966ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ರಿವಾಲ್ವರ್‌ನಲ್ಲಿ 14 ಹಾಡುಗಳಿದ್ದವು. ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿ ಮಾರಿದ ರಿವಾಲ್ವರ್‌ನಲ್ಲಿ ಇದ್ದದ್ದು 11. ಉಳಿದ ಮೂರನ್ನು ಆ ಕಂಪನಿ ಮೊದಲೇ ‘ಯೆಸ್ಟರ್‌ಡೇ ಅ್ಯಂಡ್ ಟುಡೇ’ ಎಂಬ ತನ್ನದೇ ಸಂಕಲನಕ್ಕೆ ಕಿತ್ತು ಹಾಕಿಯಾಗಿತ್ತು. ಆ ಮೂರೂ ಜಾನ್ ಲೆನನ್ ಹಾಡಿದವು. ಹಾಗಾಗಿ ಅಮೆರಿಕದ ಕೇಳುಗನ ರಿವಾಲ್ವರ್‌ನಲ್ಲಿ ಲೆನನ್ನನ ಮುಖ್ಯ ದನಿಯಿದ್ದದ್ದು ಎರಡೇ ಹಾಡಿನಲ್ಲಿ. ಕಾಲು ಮುರಿದ ಕುರ್ಚಿ. ಪೆಪ್ಪರ್‌ಗೆ ಈ ಗತಿ ಬರಲಿಲ್ಲ. ಎರಡೂ ದೇಶಗಳಲ್ಲಿ ಒಂದೇ ಹಾಡುಗಳೊಂದಿಗೆ, ಒಂದೇ ಕ್ರಮದಲ್ಲಿ ಬಂದ ಅವರ ಮೊದಲ ಆಲ್ಬಂ ಅದು. 1987ರಲ್ಲಿ ಸಿಡಿಗಳು ಬಂದಾಗ ಇಂಗ್ಲೆಂಡಿನ ಪಾಠವನ್ನೇ ಜಗತ್ತಿಗೆಲ್ಲ ಪ್ರಮಾಣವಾಗಿಟ್ಟರು. ರಿವಾಲ್ವರ್‌ಗೆ ಕಳೆದುಹೋದ ಮೂರು ಗರಿಗಳು ಸಿಕ್ಕಿದವು. ಅದರ ಕೀರ್ತಿ ಅಲ್ಲಿಂದ ಏರಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ, ಹೊಟ್ಟೆಕಿಚ್ಚೂ ಇಲ್ಲ. ಅದು ನ್ಯಾಯವೇ.

ಆದರೆ ಅದೇ ನ್ಯಾಯ ಪೆಪ್ಪರ್‌ಗೂ ಸಲ್ಲಬೇಕಲ್ಲ? 1967ರಲ್ಲಿ ಬೀಟಲ್ಸ್‌ಗೆ ಮುಖ್ಯವಾಗಿದ್ದದ್ದು ಮೋನೋ ಆವೃತ್ತಿ. ಅದರ ಮಿಶ್ರಣಕ್ಕೆ ನಾಲ್ವರೂ ಕುಳಿತು ತಲೆಕೆಡಿಸಿಕೊಂಡರು. ಸ್ಟೀರಿಯೋ ಮಿಶ್ರಣವನ್ನು ಸ್ಟುಡಿಯೋದವರು ಆಮೇಲೆ ಕಡಿಮೆ ಸಮಯದಲ್ಲಿ, ಬ್ಯಾಂಡಿನವರಿಲ್ಲದೆ ಮಾಡಿ ಮುಗಿಸಿದರು. ಎರಡರ ನಡುವೆ ಪಾಠಾಂತರ ಎನ್ನುವಷ್ಟು ವ್ಯತ್ಯಾಸವಿದೆ. ‘ಶೀ ಈಸ್ ಲೀವಿಂಗ್ ಹೋಮ್’ ಮೋನೋದಲ್ಲಿ ಹೆಚ್ಚು ವೇಗವಾಗಿ, ಹೆಚ್ಚು ಎತ್ತರದ ಶ್ರುತಿಯಲ್ಲಿ ಸಾಗುತ್ತದೆ, ಸ್ಟೀರಿಯೋದಲ್ಲಿ ಎಳೆದಾಡುತ್ತದೆ. ಸಿಡಿಯಲ್ಲಿ ಜಗತ್ತಿಗೆ ಸಿಕ್ಕಿದ್ದು ಈ ಎಳೆದಾಡುವ ಪಾಠ. ಮೋನೋ ಪೆಪ್ಪರ್ ಸಿಡಿಯಾಗಿ ಬಂದದ್ದು 2009ರಲ್ಲಿ. ರಿವಾಲ್ವರ್ ತನ್ನ ಸರಿಯಾದ ಪಾಠವನ್ನು ಪಡೆದು 22 ವರ್ಷ ಕಳೆದ ಮೇಲೆ. ಆ 22 ವರ್ಷ ಒಂದರ ಶುದ್ಧ ಪ್ರತಿಯನ್ನೂ ಇನ್ನೊಂದರ ಅವಸರದ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ತೂಗಿದವರು ತಮ್ಮ ಕಿವಿ ಸೂಕ್ಷ್ಮವಾಯಿತೆಂದು ಬೀಗುತ್ತಿದ್ದಾರೆ.

ಪಾಠದ ಮಾತು ಇಲ್ಲಿಗೆ ಸಾಕು. ಶುದ್ಧ ಪಾಠ ಇಟ್ಟುಕೊಂಡೇ ಕೇಳೋಣ. ಈಗ ಎದುರಾಳಿಯ ಬಲವಾದ ವಾದ ಬರುತ್ತದೆ: ರಿವಾಲ್ವರ್‌ನಲ್ಲಿ ಒಳ್ಳೆಯ ಹಾಡುಗಳು ಹೆಚ್ಚು. ಎಂಟು ತಂತಿವಾದ್ಯಗಳನ್ನು ಬಿಟ್ಟರೆ ಬೇರೆ ವಾದ್ಯವೇ ಇಲ್ಲದ ‘ಎಲಿನರ್ ರಿಗ್ಬಿ’ ಅದರಲ್ಲಿದೆ. ಟೇಪಿನ ತುಂಡುಗಳನ್ನು ಸುತ್ತು ಹಾಕಿ ತಿರುಗಿಸಿ, ಒಂದೇ ಆಧಾರಸ್ವರದ ಮೇಲೆ ನಿಲ್ಲಿಸಿದ ‘ಟುಮಾರೋ ನೆವರ್ ನೋಸ್’ ಇದೆ. 35 ನಿಮಿಷಗಳ 14 ಹಾಡಿನಲ್ಲಿ ತೆಗೆದು ಹಾಕಬಹುದಾದ್ದು ಹೆಚ್ಚೆಂದರೆ ಒಂದೋ ಎರಡೋ. ಪೆಪ್ಪರ್‌ನಲ್ಲಿ ಏನಿದೆ? ಟ್ರಾಫಿಕ್ ವಾರ್ಡನ್ ಒಬ್ಬಳ ಮೇಲಿನ ತಮಾಷೆ, ಮೆಕಾರ್ಟ್ನಿ ಹದಿಹರೆಯದಲ್ಲೇ ಕಟ್ಟಿದ್ದ ಒಂದು ಹಳೇ ಕಾಲದ ಧಾಟಿ, ಸರ್ಕಸ್ಸಿನ ಗದ್ದಲ. ಹಾಡಿಗೆ ಹಾಡು ಇಟ್ಟು ತೂಗಿದರೆ ನಾನು ಸೋಲುತ್ತೇನೆ. ಒಪ್ಪಿದೆ.

ಆದರೆ ಯಾರು ಹೇಳಿದರು ಹಾಗೆ ತೂಗಬೇಕೆಂದು? ಸರಾಸರಿ ನೋಡಿ ಹನ್ನೊಂದು ಜನರನ್ನು ಆರಿಸಿದರೆ ಅದು ತಂಡವಾಗುವುದಿಲ್ಲ. ಕವನ ಸಂಕಲನವನ್ನು ಕೈಯಲ್ಲಿ ಹಿಡಿದು ಪರೀಕ್ಷೆಗೆ ಬರುವ ನಾಲ್ಕು ಪದ್ಯಗಳಿಗೆ ಗುರುತು ಹಾಕಿಕೊಂಡವನಿಗೆ ಸಂಕಲನ ಗೊತ್ತಿದೆ ಎನ್ನಲಾಗುವುದಿಲ್ಲ. ಹಾಡು ಎಣಿಸುವವರು ಮಾಡುವುದು ಇದೇ ಕೆಲಸ. ಅವರ ಪ್ರಶ್ನೆ ‘ಅತ್ಯುತ್ತಮ ಆಲ್ಬಂ ಯಾವುದು’ ಎಂದು, ಉತ್ತರ ಮಾತ್ರ ‘ಅತ್ಯುತ್ತಮ ಹಾಡುಗಳು ಎಲ್ಲಿ ಹೆಚ್ಚಿವೆ’ ಎಂಬುದಕ್ಕೆ.

ಪೆಪ್ಪರ್ ಕಟ್ಟಲ್ಪಟ್ಟದ್ದೇ ಎಣಿಕೆಗೆ ಸಿಗದ ಹಾಗೆ. ಹಾಡು ಹಾಡಿನ ನಡುವಿನ ಮೌನವನ್ನು ತೆಗೆದರು. ಅದರಿಂದ ಒಂದು ಹಾಡನ್ನೂ ಆಗ ಬಿಡಿಯಾಗಿ ಸಿಂಗಲ್ ಮಾಡಿ ಮಾರಲಿಲ್ಲ. ಇದೇ ಕೆಲಸದ ಶುರುವಿನಲ್ಲಿ ಧ್ವನಿಮುದ್ರಿಸಿದ್ದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಮತ್ತು ‘ಪೆನ್ನಿ ಲೇನ್’ ಹಾಡುಗಳನ್ನು 1967ರ ಫೆಬ್ರವರಿಯಲ್ಲಿ ಸಿಂಗಲ್ ಆಗಿ ಕೊಟ್ಟ ಕಾರಣಕ್ಕೇ ಆಲ್ಬಂನಿಂದ ಹೊರಗಿಟ್ಟರು. ಹಾಗೆ ಮಾಡಿದ್ದಕ್ಕೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಜೀವನವಿಡೀ ಪರಿತಪಿಸಿದರು. ಹೊದಿಕೆಯ ಹಿಂಬದಿಯಲ್ಲಿ ಎಲ್ಲ ಹಾಡಿನ ಸಾಹಿತ್ಯವನ್ನೂ ಅಚ್ಚು ಹಾಕಿಸಿದರು. ರಾಕ್ ಸಂಗೀತದಲ್ಲಿ ಅದು ಹೊಸತು. ಇದನ್ನು ಓದಿ ಎಂದು ಕೇಳುಗನ ಕೈಗೆ ಕೊಟ್ಟ ಹಾಗೆ. ನಾವು ಓದುವವರು, ಓದೋಣ.

ಓದುವಾಗ ಒಂದು ಅಪವಾದ ಅಡ್ಡ ಬರುತ್ತದೆ. ಪೆಪ್ಪರ್ ಒಂದು ಕಲ್ಪಿತ ಬ್ಯಾಂಡಿನ ಪ್ರದರ್ಶನ ಎಂಬ ಪರಿಕಲ್ಪನೆ ಎರಡು ಹಾಡಿಗೇ ಸತ್ತುಹೋಗುತ್ತದೆ, ಕೊನೆಗೆ ಒಮ್ಮೆ ತಲೆ ಎತ್ತುತ್ತದೆ ಅಷ್ಟೆ, ಆದ್ದರಿಂದ ಇದು ಏಕಕೃತಿಯಲ್ಲ ಎಂಬುದು ಆ ಅಪವಾದ. ಲೆನನ್ ಕೂಡ ತನ್ನ ಹಾಡುಗಳಿಗೂ ಆ ಪರಿಕಲ್ಪನೆಗೂ ಸಂಬಂಧವಿಲ್ಲ ಎಂದಿದ್ದ. ಕವಿ ತನ್ನ ಕೃತಿಯ ಬಗ್ಗೆ ಹೇಳಿದ್ದೇ ಕೊನೆಯ ಮಾತು ಎಂದು ನಾವು ಬೇರೆಲ್ಲೂ ಒಪ್ಪುವುದಿಲ್ಲ. ಇಲ್ಲಿ ಮಾತ್ರ ಯಾಕೆ ಒಪ್ಪಬೇಕು?

ಹಾಡುಗಳು ಎಲ್ಲಿಂದ ಬಂದವು ನೋಡಿ. ‘ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್’ ಲೆನನ್ನನ ಪುಟ್ಟ ಮಗ ಶಾಲೆಯಿಂದ ತಂದ ಒಂದು ಚಿತ್ರದಿಂದ. ‘ಬೀಯಿಂಗ್ ಫಾರ್ ದ ಬೆನಿಫಿಟ್ ಆಫ್ ಮಿಸ್ಟರ್ ಕೈಟ್’ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ, 1843ರ ಒಂದು ಸರ್ಕಸ್ ಪೋಸ್ಟರಿನಿಂದ. ‘ಗುಡ್ ಮಾರ್ನಿಂಗ್ ಗುಡ್ ಮಾರ್ನಿಂಗ್’ ಟಿವಿಯಲ್ಲಿ ಬರುತ್ತಿದ್ದ ಕಾರ್ನ್‌ಫ್ಲೇಕ್ಸ್ ಜಾಹೀರಾತಿನಿಂದ. ‘ಶೀ ಈಸ್ ಲೀವಿಂಗ್ ಹೋಮ್’ ಪತ್ರಿಕೆಯ ಸುದ್ದಿಯಿಂದ. ಅದರ ಹುಡುಗಿ ಒಂದು ಚೀಟಿ ಬರೆದಿಟ್ಟು ಮನೆ ಬಿಡುತ್ತಾಳೆ. ‘ಲವ್ಲಿ ರೀಟಾ’ ಪಾರ್ಕಿಂಗ್ ದಂಡದ ಚೀಟಿಯ ಹಿಂದಿರುವ ಹೆಣ್ಣು. ‘ವೆನ್ ಐ ಆ್ಯಮ್ ಸಿಕ್ಸ್ಟಿ ಫೋರ್’ ಇರುವುದೇ ಕಾಗದ ಬರೆದ ಧಾಟಿಯಲ್ಲಿ. ಕೊನೆಯ ‘ಅ ಡೇ ಇನ್ ದ ಲೈಫ್’ 1967ರ ಜನವರಿಯ ‘ಡೈಲಿ ಮೇಲ್’ ಪತ್ರಿಕೆಯಿಂದ: ಕಾರು ಅಪಘಾತದಲ್ಲಿ ಸತ್ತ ಶ್ರೀಮಂತ ಯುವಕನೊಬ್ಬನ ಸುದ್ದಿ, ಬ್ಲ್ಯಾಕ್‌ಬರ್ನ್ ಊರಿನ ರಸ್ತೆಗಳಲ್ಲಿ 4,000 ಗುಂಡಿಗಳಿವೆ ಎಂಬ ಮೂಲೆಯ ಸುದ್ದಿ.

ಪೋಸ್ಟರ್, ಪೇಪರ್, ಚೀಟಿ, ಜಾಹೀರಾತು, ಕಾಗದ. ನಾಳೆ ರದ್ದಿಗೆ ಹೋಗುವ ವಸ್ತುಗಳು. ಇಂಗ್ಲೆಂಡಿನ ಸಾಮಾನ್ಯ ಮನೆಯ ಮೇಜಿನ ಮೇಲೆ ಒಂದು ಬೆಳಿಗ್ಗೆ ಬಿದ್ದಿರಬಹುದಾದದ್ದನ್ನೆಲ್ಲ ಎತ್ತಿಕೊಂಡು, ಒಂದೊಂದಕ್ಕೂ ಒಂದೊಂದು ಧ್ವನಿಲೋಕ ಕಟ್ಟಿದ ಆಲ್ಬಂ ಇದು. ಪೆಪ್ಪರ್‌ನ ಏಕತೆ ಇರುವುದು ಆ ಸಮವಸ್ತ್ರದ ಬ್ಯಾಂಡಿನಲ್ಲಲ್ಲ, ಈ ರದ್ದಿಯಲ್ಲಿ. ಹಾಗೆ ನೋಡಿದರೆ ‘ಲವ್ಲಿ ರೀಟಾ’ ದುರ್ಬಲ ಹಾಡಾಗಿ ಉಳಿಯುವುದಿಲ್ಲ. ದಿನಚರಿಯ ಪುಟದಲ್ಲಿ ತಮಾಷೆಯ ಒಂದು ಗಂಟೆ ಇರಲೇಬೇಕು, ಇಲ್ಲದಿದ್ದರೆ ಸಾವಿನ ಸುದ್ದಿಗೆ ತೂಕ ಬರುವುದಿಲ್ಲ.

ಆಟದ ಚೌಕಟ್ಟು ಕೂಡ ಸುಮ್ಮನೆ ಇಟ್ಟದ್ದಲ್ಲ. ಮೊದಲ ಹಾಡು ನಾಂದಿ. ಕೊನೆಯ ಹಾಡಿಗೆ ಮುಂಚೆ ಅದೇ ಹಾಡು ವೇಗವಾಗಿ ಮರಳಿ ಬಂದು ಮಂಗಳ ಹಾಡುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಪ್ರದರ್ಶನ ಮುಗಿಯಿತು. ಆ ಚಪ್ಪಾಳೆ ಕರಗುವಷ್ಟರಲ್ಲಿ ಒಂದು ಗಿಟಾರ್ ಸಣ್ಣಗೆ ಏಳುತ್ತದೆ, ಒಬ್ಬ ಮನುಷ್ಯ ಪೇಪರ್ ಓದುತ್ತಿದ್ದಾನೆ. ಬೆಳಗಿನ ಜಾವ ಆಟ ಮುಗಿದು ಬಣ್ಣ ಒರೆಸಿಕೊಂಡ ಮೇಲೆ ವೇಷಧಾರಿಯ ಮುಖದಲ್ಲಿ ಕಾಣುವ ದಣಿವು ಗೊತ್ತಿದ್ದವರಿಗೆ ಈ ಕ್ಷಣ ಏನೆಂದು ವಿವರಿಸಬೇಕಿಲ್ಲ. 40 ಜನರ ವಾದ್ಯವೃಂದ ತಳದಿಂದ ತುದಿಗೆ ಏರಿ ನಿಂತು, ಕೊನೆಗೆ ಮೂರು ಪಿಯಾನೋ, ಒಂದು ಹಾರ್ಮೋನಿಯಂ ಸೇರಿ ಹೊಡೆದ ಒಂದೇ ಸ್ವರಮೇಳ 40 ಸೆಕೆಂಡಿಗೂ ಹೆಚ್ಚು ಕಾಲ ಆರುತ್ತ ಹೋಗುತ್ತದೆ. ‘ಅ ಡೇ ಇನ್ ದ ಲೈಫ್’ ಶ್ರೇಷ್ಠ ಹಾಡು ಎಂದು ರಿವಾಲ್ವರ್ ಪಕ್ಷದವರೂ ಒಪ್ಪುತ್ತಾರೆ. ಆದರೆ ಅದನ್ನು ಬಿಡಿಯಾಗಿ ಕೇಳಿ ಒಪ್ಪುತ್ತಾರೆ. ಮಂಗಳದ ನಂತರ ಬರುವುದರಿಂದಲೇ ಅದು ಅಷ್ಟು ಕಂಗೆಡಿಸುತ್ತದೆ ಎಂಬುದನ್ನು ಎಣಿಕೆಯಲ್ಲಿ ಎಲ್ಲಿ ಬರೆದುಕೊಳ್ಳುತ್ತಾರೆ?

ಎಣಿಕೆಯವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುವುದು ಎರಡನೆಯ ಬದಿಯ ಮೊದಲ ಹಾಡಿನ ವಿಷಯದಲ್ಲಿ. ಜಾರ್ಜ್ ಹ್ಯಾರಿಸನ್ನನ ‘ವಿದಿನ್ ಯೂ ವಿದೌಟ್ ಯೂ’. ಪೆಪ್ಪರ್ ಅನ್ನು ಇಳಿಸಬೇಕೆಂದಾಗಲೆಲ್ಲ ಮೊದಲು ತೋರಿಸುವುದು ಇದನ್ನೇ: ಐದು ನಿಮಿಷದ ಸಿತಾರಿನ ಬೋಧನೆ, ಎಲ್ಲರೂ ಸ್ಕಿಪ್ ಮಾಡುವ ಹಾಡು. ನಮ್ಮವರೂ ಇದನ್ನೇ ಹೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ. ಇನ್ನು ಕೆಲವರು ಭಾರತೀಯ ಸಂಗೀತ ಎಂಬ ಹೆಮ್ಮೆಗೇ ಹೊಗಳುತ್ತಾರೆ. ಇಬ್ಬರೂ ಅದನ್ನು ಕೇಳಿದಂತೆ ಕಾಣುವುದಿಲ್ಲ.

ಕೇಳಿದ್ದರೆ ಅದರ ಮುಖ್ಯ ದನಿ ಸಿತಾರ್ ಅಲ್ಲ, ದಿಲ್‌ರುಬಾ ಎಂದು ಗೊತ್ತಾಗುತ್ತಿತ್ತು. ಖಮಾಜ್ ಥಾಟಿಗೆ ಹತ್ತಿರದ ಸ್ವರಗಳಲ್ಲಿ ದಿಲ್‌ರುಬಾ ಜಾರುವ ಪ್ರತಿ ಮೀಂಡನ್ನೂ ಲಂಡನ್ನಿನ ವಯೊಲಿನ್, ಚೆಲ್ಲೋ ವಾದಕರು ಹಿಂಬಾಲಿಸುವಂತೆ ಜಾರ್ಜ್ ಮಾರ್ಟಿನ್ ಸ್ವರಲಿಪಿ ಬರೆದುಕೊಟ್ಟರು. ನಡುವಿನ ಭಾಗದಲ್ಲಿ ತಾಳ ಹದಿನಾರು ಮಾತ್ರೆಯಿಂದ ಹತ್ತಕ್ಕೆ ಹೊರಳುತ್ತದೆ, ದಿಲ್‌ರುಬಾಕ್ಕೂ ಪಾಶ್ಚಾತ್ಯ ತಂತಿಗಳಿಗೂ ಸವಾಲು-ಜವಾಬು ನಡೆಯುತ್ತದೆ. ಹಾಡು ಮುಗಿದಾಗ ಕೇಳಿಸುವ ನಗು ಗಾಂಭೀರ್ಯಕ್ಕೆ ತಾನೇ ಚಿವುಟಿಕೊಂಡ ಹಾಗಿದೆ. ಸರ್ಕಸ್ಸಿನ ಗದ್ದಲ ಮುಗಿದು, ಕೇಳುಗ ಎದ್ದು ತಟ್ಟೆ ತಿರುವಿ ಹಾಕಿ ಕುಳಿತಾಗ ಬರುತ್ತಿದ್ದ ಹಾಡು ಅದು. ಅಲ್ಲಿಯ ಆ ಬಿಡುವು ಕೂಡ ರಚನೆಯ ಭಾಗ. ಈಗ ಹೆಬ್ಬೆರಳಿನ ಒಂದು ಒತ್ತಿಗೆ ಅದು ಹೋಗುತ್ತದೆ.

ಆ ಹಾಡಿನ ಜೊತೆ ಹೋಗುವುದು ಏನು ಎಂದೂ ಹೇಳಿಬಿಡುತ್ತೇನೆ. ಲಂಡನ್ನಿನಲ್ಲಿ 1946ರಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದವರು ಅಯನ ಅಂಗಡಿ ಮತ್ತು ಅವರ ಇಂಗ್ಲಿಷ್ ಪತ್ನಿ, ಚಿತ್ರಕಲಾವಿದೆ ಪೆಟ್ರೀಷಿಯಾ. ಅಂಗಡಿ ಎಂಬ ಅಡ್ಡಹೆಸರು ಯಾವ ಸೀಮೆಯದೆಂದು ಉತ್ತರ ಕರ್ನಾಟಕದವರಿಗೆ ನಾನು ಹೇಳಬೇಕಿಲ್ಲ. 1965ರಲ್ಲಿ ‘ನಾರ್ವೀಜಿಯನ್ ವುಡ್’ ಧ್ವನಿಮುದ್ರಣದ ವೇಳೆ ಹ್ಯಾರಿಸನ್ನನ ಸಿತಾರಿನ ತಂತಿ ಹರಿದಾಗ ಬೇರೆ ತಂತಿ ಬಂದದ್ದು ಇವರಿಂದ. ಹ್ಯಾರಿಸನ್ ರವಿಶಂಕರರನ್ನು 1966ರಲ್ಲಿ ಭೇಟಿಯಾದದ್ದು ಇವರ ಮೂಲಕ. ‘ವಿದಿನ್ ಯೂ ವಿದೌಟ್ ಯೂ’ ನುಡಿಸಿದವರೂ ಈ ಬಳಗದವರೇ. 1967ರ ಹೊದಿಕೆಯ ಮೇಲೆ ಆ ವಾದಕರ ಹೆಸರಿರಲಿಲ್ಲ. ಅಣ್ಣಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ ಕಂಸಾರಾ, ನಟವರ್ ಸೋನಿ ಎಂಬ ನಾಲ್ಕು ಹೆಸರುಗಳು ಲೋಕದ ಕಿವಿಗೆ ಬಿದ್ದದ್ದು 2017ರಲ್ಲಿ, ಐವತ್ತು ವರ್ಷದ ನಂತರ. ಮುಖಪುಟದ ಮೇಲೆ ಐವತ್ತಕ್ಕೂ ಹೆಚ್ಚು ಖ್ಯಾತರ ಮುಖಗಳನ್ನು ನಿಲ್ಲಿಸಿದ ಆಲ್ಬಂನಲ್ಲಿ ಈ ನಾಲ್ವರಿಗೆ ಒಂದು ಸಾಲಿನ ಜಾಗ ಸಿಗಲಿಲ್ಲ. ಇದು ಪೆಪ್ಪರ್‌ನ ನಿಜವಾದ ಕಳಂಕ. ನನ್ನ ಪಕ್ಷವೆಂದು ಅದನ್ನು ಮುಚ್ಚಿಡುವುದಿಲ್ಲ. ಹಾಗೆ ನೋಡಿದರೆ ರಿವಾಲ್ವರ್ ಇಲ್ಲಿ ಮೇಲು. ‘ಲವ್ ಯೂ ಟು’ ಹಾಡಿಗೆ ತಬಲಾ ನುಡಿಸಿದ ಅನಿಲ್ ಭಾಗವತ್ ಹೆಸರನ್ನು ಅದರ ಹೊದಿಕೆ ಅಚ್ಚು ಹಾಕಿತ್ತು. ಆದರೆ ಪೆಪ್ಪರ್ ಮೇಲೆ ಸಿಟ್ಟಾಗಲು ಇಂಥ ಗಟ್ಟಿ ಕಾರಣ ಇರುವಾಗ ಹಾಡು ಎಣಿಸುವವರು ಹೇಳುವುದು ಏನು? ಆ ಹಾಡು ಉದ್ದವಾಯಿತು ಎಂದು. ಹೊದಿಕೆ ಬಿಟ್ಟ ಹೆಸರುಗಳನ್ನು ನಮ್ಮ ಹೆಬ್ಬೆರಳು ಎರಡನೆಯ ಸಲ ಬಿಡುತ್ತಿದೆ.

ಇನ್ನು ಪೆಪ್ಪರ್ ಅನ್ನು ತೆಗಳುವುದು ಧೈರ್ಯದ ಮಾತು ಎಂದುಕೊಂಡವರಿಗೆ ಒಂದು ಸಣ್ಣ ಮಾಹಿತಿ. 1967ರ ಜೂನ್‌ನಲ್ಲೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ಯುವ ವಿಮರ್ಶಕ ಅದನ್ನು ಕಟುವಾಗಿ ಟೀಕಿಸಿದ್ದ. ಎಲ್ಲರೂ ತಲೆದೂಗುತ್ತಿದ್ದಾಗ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಈಗ ಎಲ್ಲರೂ ಅದನ್ನೇ ಹೇಳುತ್ತಿರುವಾಗ ಹೇಳಲು ಬೇಕಾದದ್ದು ಒಂದು ಲೋಟ ಚಹಾ ಮಾತ್ರ.

ಹಾಗಾದರೆ ರಿವಾಲ್ವರ್ ಏನು? ನನಗೆ ತುಂಬ ಇಷ್ಟವಾದ ಆಲ್ಬಂ. ಮುಂದಿನ ವರ್ಷದ ಪೆಪ್ಪರ್‌ಗೆ ಬೇಕಾದ ಬಹುಪಾಲು ತಂತ್ರಗಳನ್ನು ಕಂಡುಹಿಡಿದದ್ದು ಅಲ್ಲಿ. ಆದರೆ ಹದಿನಾಲ್ಕು ಅದ್ಭುತ ಕೋಣೆಗಳಿಗೂ ಒಂದು ಮನೆಗೂ ವ್ಯತ್ಯಾಸವಿದೆ. ರಿವಾಲ್ವರ್‌ನಲ್ಲಿ ಮೂರು ಹಾಡು ಕಿತ್ತರೂ ಅಮೆರಿಕದವರು 21 ವರ್ಷ ಅದನ್ನು ಆಲ್ಬಂ ಎಂದೇ ಕೇಳಿದರು, ಬಹುಪಾಲು ಜನರಿಗೆ ಕೊರತೆ ತಿಳಿಯಲೇ ಇಲ್ಲ. ಪೆಪ್ಪರ್‌ನಿಂದ ಮೂರು ಹಾಡು ಕಿತ್ತು ನೋಡಿ. ಯಾವ ಮೂರನ್ನು ಕೀಳಬೇಕೆಂದು ತೋಚದೆ ಕೂರುತ್ತೀರಿ. ಮುಖ್ಯವಾಗಿ, ‘ಅತ್ಯುತ್ತಮ ಆಲ್ಬಂ ಯಾವುದು’ ಎಂದು ರಾಕ್ ಸಂಗೀತದಲ್ಲಿ ಇಷ್ಟು ಗಂಭೀರವಾಗಿ ಕೇಳುವ ಅಭ್ಯಾಸ ಲೋಕಕ್ಕೆ ಹಿಡಿದದ್ದರಲ್ಲಿ ಪೆಪ್ಪರ್‌ನ ಪಾಲು ದೊಡ್ಡದು. ಅದು ಕೊಟ್ಟ ಕೋಲಿನಿಂದಲೇ ಅದನ್ನು ಅಳೆದು ಗಿಡ್ಡ ಎನ್ನುತ್ತಿದ್ದೇವೆ.

ಮುಂದಿನ ಸಲ ಮೆಸ್ಸಿನಲ್ಲಿ ಈ ಮಾತು ಬಂದಾಗ ನನ್ನದು ಒಂದೇ ಷರತ್ತು. ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಮೋನೋ ಪೆಪ್ಪರ್ ಹಾಕಿ. ನಲವತ್ತು ನಿಮಿಷ, ಒಂದು ಹಾಡನ್ನೂ ದಾಟಿಸದೆ, ಕೊನೆಯ ಪಿಯಾನೋ ಪೂರ್ತಿ ಆರುವವರೆಗೆ ಕೂತು ಕೇಳಿ. ಏಳನೆಯ ಹಾಡಿನ ನಂತರ ಎದ್ದು ಒಮ್ಮೆ ನೀರು ಕುಡಿದು ಬನ್ನಿ, ತಟ್ಟೆ ತಿರುವಿ ಹಾಕಿದ ಹಾಗೆ. ಅಷ್ಟು ಮಾಡಿದ ಮೇಲೂ ‘ರಿವಾಲ್ವರ್’ ಎಂದರೆ ಬನ್ನಿ, ಕಾರಣ ಹೇಳಿ. ಆಗ ಜಗಳವಾಡೋಣ. ಚಹಾ ನನ್ನ ಲೆಕ್ಕದಲ್ಲಿ.